ಶಂಕ್ರವ್ವನ ತಾಟಿನ ಉಳ್ಳಾಗಡ್ಡಿ

ನಮ್ಮ ತರಕಾರಿ ಸಂಶೋಧನಾ ಕೇಂದ್ರದ ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಗದಗ-ಬೆಟಗೇರಿಯ ಪ್ರತಿಯೊಂದು ಅಡುಗೆಮನೆಯೂ ಒಂದು ಚುಕ್ಕೆ. ಆ ಚುಕ್ಕೆಗಳೆಲ್ಲ ಬೂದು ಬಣ್ಣಕ್ಕೆ ತಿರುಗಿ ಬಹಳ ದಿನಗಳಾಗಿದ್ದವು. ಹೀಗಾಗಿ ಬೆಟಗೇರಿಯ ಮೂಲೆಯಲ್ಲಿ ಒಂದು ಚುಕ್ಕೆ ಹಸಿರಾಗಿ ಕಂಡಾಗ ನಾನು ಮೊದಲು ಕನ್ನಡಕ ಒರೆಸಿಕೊಂಡೆ. ಆಮೇಲೆ ಎದ್ದು ಹೋಗಿ ಪರದೆಯನ್ನೂ ಒರೆಸಿದೆ. ಚುಕ್ಕೆ ಹಸಿರಾಗಿಯೇ ಇತ್ತು.

"ಸೆನ್ಸರ್ ಮ್ಯಾಲೆ ಹಲ್ಲಿ ಸತ್ತಿರಬೇಕು ನೋಡ್ರಿ ಮೇಡಂ," ಎಂದರು ಡಾ. ಹಲಗತ್ತಿ. ಅವರು ನಮ್ಮ ಕೇಂದ್ರದ ಮುಖ್ಯಸ್ಥರು. ಕೆಟ್ಟ ಸುದ್ದಿಗಿಂತ ಒಳ್ಳೆಯ ಸುದ್ದಿಗೆ ಹೆಚ್ಚು ಹೆದರುವ ಮನುಷ್ಯ. ಇತ್ತೀಚೆಗೆ ನಾವೆಲ್ಲರೂ ಹಾಗೇ ಆಗಿದ್ದೆವು.

ಹಸಿರು ಎಂದರೆ ಆ ಮನೆಯ ತಾಟಿನಲ್ಲಿರುವ ಉಳ್ಳಾಗಡ್ಡಿಗೆ ಇನ್ನೂ ಘಾಟು ಇದೆ ಎಂದು ಅರ್ಥ. ಘಾಟು ಇದೆ ಎಂದರೆ ರೋಗವಿಲ್ಲ.

ತಾಟಿನ ಬಗ್ಗೆ ಇಷ್ಟು ಹೇಳಬೇಕು. ಕತ್ತರಿಸಿದ ತರಕಾರಿಯ ಬುಡವನ್ನು ಎಸೆಯದೆ ನೀರಿನಲ್ಲಿಟ್ಟರೆ ಅದು ಚಿಗುರುತ್ತದೆ ಎಂಬುದು ಎಲ್ಲ ಹೆಂಗಸರಿಗೂ ಗೊತ್ತಿದ್ದ ವಿಷಯ. ಕೊತ್ತಂಬರಿ, ಪುದೀನ, ಉಳ್ಳಾಗಡ್ಡಿಯ ಎಲೆ, ಅಷ್ಟರಮಟ್ಟಿಗೆ. ನಮ್ಮ ವಿಜ್ಞಾನಿಗಳು ಒಂದು ದ್ರಾವಣ ಮಾಡಿದರು. ಅದರಲ್ಲಿಟ್ಟ ಬುಡಕ್ಕೆ ತನ್ನ ವಯಸ್ಸು ಮರೆತುಹೋಗುತ್ತದೆ. ತಾನು ಆಗಷ್ಟೇ ಮೊಳೆತ ಸಸಿ ಎಂದುಕೊಂಡು ಮತ್ತೆ ಮೊದಲಿನಿಂದ ಬೆಳೆಯುತ್ತದೆ. ಎಲೆ ಮಾತ್ರವಲ್ಲ, ಪೂರ್ತಿ ಗಡ್ಡೆ. ಪೂರ್ತಿ ಗಜ್ಜರಿ. ಪೂರ್ತಿ ಎಲೆಕೋಸು. ಮನೆಗೊಂದು ತಾಟು, ಪಡಿತರದ ಅಂಗಡಿಯಲ್ಲಿ ದ್ರಾವಣದ ಪೊಟ್ಟಣ. ಊರಿನಲ್ಲಿ ಕಸದ ಗಾಡಿ ನಿಂತಿತು. ಆಮೇಲೆ ಸಂತೆ ನಿಂತಿತು. ಆಮೇಲೆ ಬಿತ್ತನೆ ನಿಂತಿತು. ಉಳ್ಳಾಗಡ್ಡಿ ಬೆಳೆಯುತ್ತಿದ್ದ ಎರೆಹೊಲಗಳಲ್ಲಿ ಈಗ ಸೋಲಾರ್ ಹಲಗೆಗಳಿವೆ.

ಪ್ರತಿಸಲ ಸಸಿಯಾಗುವ ಗಿಡ ಎಂದೂ ಹೂಬಿಡುವುದಿಲ್ಲ. ಹೂವಿಲ್ಲದಿದ್ದರೆ ಬೀಜವಿಲ್ಲ. ಉಳ್ಳಾಗಡ್ಡಿ ಬೀಜದ ಜೀವವಾದರೂ ಎಷ್ಟು, ಒಂದೆರಡು ವರ್ಷ. ಶೀತಲ ಕೋಠಿಯಲ್ಲಿ ಕಾಪಾಡಿದ್ದನ್ನು ಯಾರೂ ಕೇಳಲು ಬರದಿದ್ದಾಗ ಅದರ ಯಂತ್ರವನ್ನು ಆರಿಸಿದರು. ಆ ಹೊತ್ತಿಗೆ ಅದು ತಪ್ಪೆಂದು ಯಾರಿಗೂ ಅನ್ನಿಸಲಿಲ್ಲ.

ರೋಗ ಬಂದಾಗ ಜನ ಖುಷಿಪಟ್ಟರು ಎಂದರೆ ನಂಬುವುದು ಕಷ್ಟ. ಅದರ ಮೊದಲ ಲಕ್ಷಣ ಉಳ್ಳಾಗಡ್ಡಿ ಹೆಚ್ಚುವಾಗ ಕಣ್ಣುರಿಯದಿರುವುದು. "ಕಣ್ಣೀರಿಲ್ಲದ ಉಳ್ಳಾಗಡ್ಡಿ" ಎಂದು ನಾವೇ ಪೋಸ್ಟರ್ ಹಚ್ಚಿದ್ದೆವು. ಮುಂದೆ ಗಡ್ಡೆ ಪೊಳ್ಳಾಗತೊಡಗಿತು. ಸಿಪ್ಪೆ ಸುಲಿದರೆ ಸಿಪ್ಪೆ, ಅದರೊಳಗೆ ಮತ್ತೆ ಸಿಪ್ಪೆ, ಕೊನೆಗೆ ಏನೂ ಇಲ್ಲ. ಅದೇ ನೀರಿನಲ್ಲಿದ್ದ ಗಜ್ಜರಿಯೂ ಬೀಟ್‌ರೂಟೂ ಈ ವರ್ಷ ಹಗುರಾಗತೊಡಗಿದ್ದವು. ಒಂದೇ ಒಂದು ರೋಗವಿಲ್ಲದ ಗಿಡ ಸಿಕ್ಕರೆ, ಅದನ್ನು ಮಣ್ಣಿಗಿಟ್ಟು, ದ್ರಾವಣ ಮರೆಸಿ, ಹೂ ಬಿಡಿಸಿ, ಬೀಜದಿಂದ ಮೊದಲುಮಾಡಬಹುದಿತ್ತು. ಉಳ್ಳಾಗಡ್ಡಿಯಿಂದ ಕಲಿತದ್ದನ್ನು ಉಳಿದವಕ್ಕೂ ಮಾಡಬಹುದಿತ್ತು.

ಚುಕ್ಕೆಯ ಮೇಲೆ ಬೆರಳಿಟ್ಟೆ. ತಾಟಿನ ಸೆನ್ಸರ್ ಸಂಪರ್ಕ ಕಡಿದುಹೋಗಿದ್ದ ಮನೆಗಳನ್ನು ಹಿಂದಿನ ವಾರವಷ್ಟೇ ಮತ್ತೆ ಜೋಡಿಸಿದ್ದರು, ಅದರಲ್ಲಿ ಇದೂ ಒಂದು. ಬೆಟಗೇರಿ, ನೇಕಾರ ಓಣಿ, ಶಂಕ್ರವ್ವ.

ಅದು ನಮ್ಮ ಓಣಿ. ನಮ್ಮ ಮನೆಯಿಂದ ಮೂರನೆಯ ಬಾಗಿಲು.

*

ನಾನು ಮನೆಗೆ ಬಂದಾಗ ಅತ್ತೆ ಈರಮ್ಮನವರು ಉಳ್ಳಾಗಡ್ಡಿ ಸುಲಿಯುತ್ತ ಕುಳಿತಿದ್ದರು. ಮೊರದ ತುಂಬ ಸಿಪ್ಪೆ, ಬಟ್ಟಲಲ್ಲಿ ಒಂದು ಹಿಡಿ ತೊಳೆ.

"ನಿಮ್ಮ ಕೇಂದ್ರದ್ದು ಉಳ್ಳಾಗಡ್ಡಿ ಅಲ್ಲವ್ವಾ ಇದು, ಸೀರಿ ಮಡಿಕಿ," ಎಂದರು. "ಬಿಚ್ಚೂದು, ಬಿಚ್ಚೂದು, ಒಳಗ ಮನಷ್ಯಾನs ಇಲ್ಲ."

ಮಗಳು ಪಲ್ಲವಿ ನಕ್ಕಳು. ಅವಳು ಕಾಲೇಜಿನ ಎರಡನೆಯ ವರ್ಷದಲ್ಲಿದ್ದಾಳೆ. ಆ ಹೊತ್ತು ಅವಳು ನಗುತ್ತಿದ್ದುದು ಬೇರೆ ಕಾರಣಕ್ಕೆ ಎಂದು ಆಮೇಲೆ ತಿಳಿಯಿತು. ಅಜ್ಜಿಯ ಜೊತೆ ತಿಂಗಳುಗಟ್ಟಲೆ ಜಗಳವಾಡಿ ಅಂದು ಗೆದ್ದಿದ್ದಳು.

"ಅವ್ವಾ, ಅಜ್ಜಿ ಒಪ್ಪಿದಳು! ಈ ಸಲ ನವರಾತ್ರ್ಯಾಗ ಶಂಕ್ರವ್ವನ ಉಡೀನೂ ತುಂಬೂದು."

ಉಡಿ ತುಂಬುವುದೆಂದರೆ ಮುತ್ತೈದೆಯರು ಒಬ್ಬರ ಸೆರಗಿಗೊಬ್ಬರು ಅಕ್ಕಿ, ಕೊಬ್ಬರಿ ಬಟ್ಟಲು, ಖಣ, ಎಲೆ-ಅಡಿಕೆ ಹಾಕುವುದು. ತಾಟು ಬಂದ ಮೇಲೆ ನಮ್ಮೂರಿನಲ್ಲಿ ಅದಕ್ಕೆ ಇನ್ನೊಂದು ಸೇರಿತು. ಪ್ರತಿಯೊಬ್ಬಳೂ ತನ್ನ ತಾಟಿನ ಒಳ್ಳೆಯ ಬುಡವೊಂದನ್ನು ಉಡಿಯಲ್ಲಿಡುತ್ತಿದ್ದಳು. ಮೊಸರಿಗೆ ಹೆಪ್ಪು ಕೊಟ್ಟಂತೆ, ಬೆಳೆಯುವ ವಸ್ತು ಕೊಟ್ಟರೆ ಮನೆ ಬೆಳೆಯುತ್ತದೆ ಎಂದು. ಪಡೆದವಳು ಮನೆಗೆ ಹೋದಕೂಡಲೇ, ದೀಪ ಹಚ್ಚುವುದಕ್ಕೂ ಮೊದಲು, ಆ ಬುಡವನ್ನು ತನ್ನ ತಾಟಿಗಿಡಬೇಕು. ಪ್ರತಿ ತಾಟಿನ ಅಂಚಿನಲ್ಲೂ "ಬೇರೆ ಮನೆಯ ಬುಡ ಇಡಬೇಡಿ" ಎಂದು ನಾವು ಅಚ್ಚು ಹಾಕಿಸಿದ್ದೆವು. ಅದನ್ನು ಓದಿಯೂ ಇಟ್ಟರು. ಉಡಿಯಲ್ಲಿ ಬಂದದ್ದನ್ನು ಬೇಡ ಎನ್ನುವ ಹೆಣ್ಣುಮಗಳನ್ನು ನಾನಂತೂ ನೋಡಿಲ್ಲ. ಹೀಗೆ ಒಂದು ಶ್ರಾವಣದಿಂದ ಇನ್ನೊಂದು ಶ್ರಾವಣಕ್ಕೆ ರೋಗ ಊರನ್ನೆಲ್ಲ ಸುತ್ತಿತು.

ಶಂಕ್ರವ್ವನ ಗಂಡ ಮಗ್ಗದ ಮುಂದೆ ಕುಳಿತಲ್ಲೇ ತೀರಿಕೊಂಡಿದ್ದರು. ಆಗಿನ್ನೂ ಮನೆಗಳಿಗೆ ತಾಟು ಬಂದ ಹೊಸತು. ಅಂದಿನಿಂದ ಅವಳ ಸೆರಗಿಗೆ ಯಾರೂ ಏನೂ ಹಾಕಿಲ್ಲ. ಹಸಿರು ಚುಕ್ಕೆಯ ಕಾರಣ ನನಗೆ ಅಲ್ಲೇ, ಸಿಪ್ಪೆಯ ಮೊರದ ಮುಂದೆ ನಿಂತಾಗಲೇ ಹೊಳೆಯಿತು.

"ನಾನೂ ಆಕೀನೂ ಒಂದs ವರ್ಷ ಈ ಓಣಿಗೆ ಸೊಸೆಯಾಗಿ ಬಂದವರು," ಎಂದರು ಅತ್ತೆ, ನನ್ನ ಮುಖ ನೋಡದೆ. "ಕರೀದs ಬಿಟ್ಟದ್ದು ನಾನs. ಈ ಹುಡುಗಿ ದಿನಾ ಚುಚ್ಚಿ ಚುಚ್ಚಿ ಹೇಳಿಸಿದ್ಲು. ಆತು, ಕರ್ಯೂಣಂತ."

ನಾನು ಎಷ್ಟೋ ವರ್ಷ ಕಾಯುತ್ತಿದ್ದ ಮಾತು ಅದು. ಬರಬಾರದ ವರ್ಷದಲ್ಲಿ ಬಂತು.

*

ಮರುದಿನ ಕೈಯನ್ನು ಔಷಧದಲ್ಲಿ ತೊಳೆದುಕೊಂಡು ಶಂಕ್ರವ್ವನ ಬಾಗಿಲಿಗೆ ಹೋದೆ. ಕೇಂದ್ರದ ರೋಗವನ್ನು ಒಳಗೆ ಒಯ್ಯಬಾರದೆಂದು ಹೊಸ್ತಿಲ ಹೊರಗೇ ನಿಂತೆ. ಒಳಗೆ ಏನೋ ಹೆಚ್ಚುತ್ತಿದ್ದಳು. ಆ ಘಾಟು ಬಾಗಿಲಿನವರೆಗೂ ಬಂತು. ನನ್ನ ಕಣ್ಣು ತುಂಬಿತು, ಮೂಗು ಸೋರಿತು. ಬಾಲ್ಯದ ಅಡುಗೆಮನೆಯೊಂದು ಎದುರಿಗೆ ಬಂದು ನಿಂತಂತಾಯಿತು.

"ಬಾ ನೀಲವ್ವಾ, ಒಳಗ ಬಾ."

"ಬ್ಯಾಡ ಚಿಗವ್ವಾ, ಇಲ್ಲೇ ನಿಲ್ತೀನಿ."

"ಹೌದಲ್ಲ," ಎಂದಳು. ಮುಖದಲ್ಲಿ ಏನೂ ಕಾಣಿಸಲಿಲ್ಲ. "ನೀ ಹಂಗ ಹೊರಗ ನಿಲ್ಲಾಕಿ ಅಲ್ಲ ಅಂತ ಅನಕೊಂಡಿದ್ದೆ."

ನಾನು ಅವಸರದಿಂದ ಎಲ್ಲ ಹೇಳಿದೆ. ರೋಗ, ತಾಟು, ಹಸಿರು ಚುಕ್ಕೆ. ಅವಳ ಉಳ್ಳಾಗಡ್ಡಿಗೆ ರೋಗ ಏಕಿಲ್ಲ ಎಂಬುದನ್ನು ಹೇಳುವಾಗ ಮಾತುಗಳನ್ನು ಎಷ್ಟು ಆಯ್ದುಕೊಂಡರೂ ಸರಿಯಾದ ಮಾತು ಇರಲಿಲ್ಲ. "ನಿಮ್ಮ ತಾಟಿಗೆ ಬ್ಯಾರೆ ಮನಿ ಬುಡ ಬಂದಿಲ್ಲ, ಅದಕ್ಕ," ಎಂದೆ.

"ಯಾರ ಕೊಡ್ತಾರವ್ವಾ ನನಗ?"

ಅವಳು ಹೆಚ್ಚುವುದನ್ನು ನಿಲ್ಲಿಸಿದಳು.

"ಅಂದ್ರ ನನ್ನ ದೂರ ಇಟ್ಟದ್ದು ಚಲೋ ಆತು ಅಂತ ಹೇಳಾಕ ಬಂದೀಯೇನು?"

"ಹಂಗಲ್ಲ ಚಿಗವ್ವಾ."

"ಹೆಂಗ ಮತ್ತ?"

ಅವಳೇ ಎದ್ದು ಹೋಗಿ ತಾಟು ತಂದು ತೋರಿಸಿದಳು. ಒಬ್ಬಳೇ ಇರುವ ಮನೆ, ಮೂರೇ ಬುಡ. ಎಲೆಗಳು ನೆಟ್ಟಗೆ ನಿಂತಿದ್ದವು. ಎರಡನ್ನು ಕೇಳಿದೆ. "ಒಯ್ಯಿ. ನನಗೇನ, ಒಂದು ಸಾಕು," ಎಂದು ತಾನೇ ತೊಳೆದ ಬಟ್ಟಲಲ್ಲಿ ಹಾಕಿ, ಹೊಸ್ತಿಲ ಮೇಲಿಟ್ಟು, ಹಿಂದೆ ಸರಿದು ನಿಂತಳು. ನನ್ನ ಕೈಗೆ ತಾಗದಂತೆ. ಹೇಗೆ ಕೊಡಬೇಕು ಎಂದು ನಾನೇನೂ ಹೇಳಿರಲಿಲ್ಲ. ಅವಳಿಗೆ ಅಭ್ಯಾಸವಾಗಿತ್ತು.

*

ಮೊದಲನೆಯದು ಕೇಂದ್ರಕ್ಕೆ ಬಂದ ಮೂರನೆಯ ದಿನ ಘಾಟು ಕಳೆದುಕೊಂಡಿತು. ಎರಡನೆಯದನ್ನು ಇನ್ನೂ ಎಚ್ಚರಿಕೆಯಿಂದ, ಹೊಸ ತಾಟು, ಹೊಸ ಪೊಟ್ಟಣ, ಕೈಗವಸು ತೊಟ್ಟು ಇಟ್ಟೆವು. ಅದೂ ಹೋಯಿತು. ಊರಿನ ರೋಗದ ತಾಟುಗಳನ್ನೆಲ್ಲ ಪರೀಕ್ಷೆಗೆಂದು ತಂದು ಪೇರಿಸಿದ್ದು ನಮ್ಮಲ್ಲೇ. ಊರಿನಲ್ಲೆಲ್ಲ ಹೆಚ್ಚು ರೋಗವಿದ್ದ ಜಾಗ ಯಾವುದೆಂದರೆ ನಮ್ಮ ಪ್ರಯೋಗಶಾಲೆ.

"ಇನ್ನೊಂದನ್ನ ಮುಟ್ಟೂದು ಬ್ಯಾಡ," ಎಂದರು ಹಲಗತ್ತಿ. ಅವರ ದನಿ ಸಣ್ಣದಾಗಿತ್ತು. "ಅಲ್ಲೇ ಇರಲಿ. ಧಾರವಾಡದಿಂದ ಗಾಜಿನ ಪೆಟ್ಟಿಗಿ ತರಸ್ತೀನಿ, ಗಾಳೀನೂ ಹೋಗಲಾರದ್ದು. ಅದನ್ನ ಆಕೀ ಮನ್ಯಾಗs ಇಟ್ಟು, ಗಿಡ ಅದರಾಗ ಹಾಕೂಣು."

"ಯಾವಾಗ ಬರ್ತದ ಸರ್?"

"ದಸರಾ ರಜಾ ಮುಗದ ಮ್ಯಾಲೆ. ಈಗ ಅಲ್ಲಿ ಸಹಿ ಮಾಡವರು ಯಾರದಾರ?"

ದ್ರಾವಣದಲ್ಲಿ ಬೆಳೆದ ಗಡ್ಡೆ ಒಣಗಲಿಡಲು ಬರುವುದಿಲ್ಲ, ನೀರು ಬಿಟ್ಟರೆ ಒಂದೇ ದಿನದಲ್ಲಿ ಕೊಳೆಯುತ್ತದೆ. ಹಾಗಾಗಿ ಕಾಯುವುದೊಂದೇ ಉಳಿದದ್ದು. ನಡುವೆ ನವರಾತ್ರಿ.

"ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ," ಎಂದರು. "ಖರೇ ಉಳ್ಳಾಗಡ್ಡಿ ಐತಿ ಅಂತ ಗೊತ್ತಾದ್ರ ಇಡೀ ಓಣಿ ಆಕೀ ಬಾಗಲಕ ಬರ್ತದ. ಒಂದು ತೊಳಿ ಕೊಡು, ಬಾಣಂತಿಗೆ, ಕೂಸಿಗೆ ಅಂತ. ಆಕಿ ಇಲ್ಲ ಅಂತಾಳೇನು?"

ಅವರ ಮಾತು ಸರಿಯಾಗಿತ್ತು. ನಾನು ಬಾಯಿ ಬಿಡಲಿಲ್ಲ.

ಪಲ್ಲವಿಗೆ ಇಷ್ಟೇ ಹೇಳಿದೆ: "ಈ ವರ್ಷ ಶಂಕ್ರವ್ವನ ಮನಿಗೆ ಹೋಗೂದು ಬ್ಯಾಡ. ಮುಂದಿನ ವರ್ಷ ಮಾಡೂಣು."

"ಯಾಕ?"

"ಬ್ಯಾಡ ಅಂದೆ."

"ಕಾರಣ ಹೇಳು."

"ಹೇಳಾಕ ಬರೂದಿಲ್ಲ."

ಅವಳು ನನ್ನನ್ನು ನೋಡಿದ ರೀತಿಯನ್ನು ಮರೆಯುವುದು ಸಾಧ್ಯವಿಲ್ಲ. ಸಿಟ್ಟು ಇರಲಿಲ್ಲ, ಏನೋ ಒಂದನ್ನು ಆಗಷ್ಟೇ ಅರ್ಥಮಾಡಿಕೊಂಡವಳ ನೋಟ. "ಅಜ್ಜಿನೂ ಒಪ್ಪಿದಳು. ಸೈನ್ಸ್ ಓದಿದಾಕಿ ನೀನು, ನಿನಗ ಅಡ್ಡಿ ಬಂತು," ಎಂದಳು. ಆಮೇಲೆ ಆ ವಿಷಯ ಎತ್ತಲಿಲ್ಲ. ಅವಳು ಒಪ್ಪಿದಳೆಂದು ನಾನು ತಿಳಿದೆ. ನನಗೆ ಹೇಳುವುದನ್ನು ಬಿಟ್ಟಿದ್ದಳು, ಅಷ್ಟೇ.

ಶಂಕ್ರವ್ವನಿಗೂ ಹೊಸ್ತಿಲಲ್ಲಿ ನಿಂತು ಹೇಳಿ ಬಂದೆ. ಯಾರು ಏನು ಕೊಟ್ಟರೂ ತಾಟಿಗೆ ಹಾಕಬೇಡಿ, ಪೆಟ್ಟಿಗೆ ಬರುವವರೆಗೆ.

"ಹೆದರಬ್ಯಾಡ," ಎಂದಳು. "ಬರೂದಿಲ್ಲ ಯಾರೂ."

*

ನವಮಿಯ ದಿನ ಕೇಂದ್ರದಲ್ಲಿ ನನ್ನ ಪಾಳಿ. ಉಳಿದವರೆಲ್ಲ ರಜೆಯಲ್ಲಿದ್ದರು. ಇಡೀ ಮಧ್ಯಾಹ್ನ ನಾನು ನೋಡುತ್ತಿದ್ದುದು ಒಂದೇ ಚುಕ್ಕೆಯನ್ನು, ಅದರ ಪಕ್ಕದಲ್ಲಿ ಘಾಟಿನ ಪ್ರಮಾಣ ತೋರಿಸುವ ತೆಳ್ಳನೆಯ ಗೆರೆಯನ್ನು. ಯಾರಾದರೂ ನೋಡಿದ್ದರೆ ಕೂಸಿಗೆ ಜ್ವರ ಬಂದಿದೆ ಎಂದುಕೊಳ್ಳುತ್ತಿದ್ದರೇನೋ.

ಇಳಿಹೊತ್ತಿನಲ್ಲಿ ಗೆರೆ ಏರತೊಡಗಿತು. ಅಷ್ಟು ಮೇಲೆ ಹೋದದ್ದನ್ನು ನಾನು ನೋಡಿಯೇ ಇರಲಿಲ್ಲ. ಪರದೆಯ ಮೇಲಂಚಿಗೆ ತಾಗಿತು. ಗಿಡ ತಾನಾಗಿಯೇ ಬಲಿಯುತ್ತಿದೆ, ದ್ರಾವಣವನ್ನು ಮೀರಿ ದೊಡ್ಡದಾಗುತ್ತಿದೆ ಎಂದು ಒಂದು ಗಳಿಗೆ ನಂಬಿದೆ. ಹಲಗತ್ತಿಯವರಿಗೆ ಹೇಳಲು ಫೋನ್ ಕೈಗೆತ್ತಿಕೊಂಡೆ.

ಆಮೇಲೆ ಅರ್ಥವಾಯಿತು. ಉಳ್ಳಾಗಡ್ಡಿ ಅಷ್ಟು ಘಾಟು ಬಿಡುವುದು ಒಂದೇ ಸಂದರ್ಭದಲ್ಲಿ. ಹೆಚ್ಚಿದಾಗ.

ಫೋನ್ ಇಟ್ಟು ಓಡಿದೆ.

ಶಂಕ್ರವ್ವನ ಬಾಗಿಲ ಮುಂದೆ ಚಪ್ಪಲಿಗಳ ರಾಶಿ ಇತ್ತು. ಒಳಗೆ ಓಣಿಯ ಹೆಂಗಸರೆಲ್ಲ ಚಾಪೆಯ ಮೇಲೆ ಕುಳಿತಿದ್ದರು. ನಡುವೆ ಶಂಕ್ರವ್ವ, ಹಸಿರು ಖಣ, ತುಂಬಿದ ಉಡಿ. ಅತ್ತೆ ಅವಳ ಪಕ್ಕ ಕಾಲು ಚಾಚಿ ಕುಳಿತು ಯಾವುದೋ ಹಳೆಯ ಮಾತು ಹೇಳುತ್ತಿದ್ದರು. ಎಲ್ಲರ ಕೈಯಲ್ಲೂ ಗಿರಮಿಟ್ಟಿನ ತಟ್ಟೆ, ಒಗ್ಗರಣೆ ಚುರುಮುರಿಯ ಮೇಲೆ ಹಸಿ ಉಳ್ಳಾಗಡ್ಡಿಯ ಚೂರು. ಎಲ್ಲರ ಕಣ್ಣಲ್ಲೂ ನೀರು. ಎಲ್ಲರೂ ನಗುತ್ತಿದ್ದರು.

"ಅವ್ವಾ, ಬಂದ್ಯಾ!" ಪಲ್ಲವಿ ಸೆರಗಿನಿಂದ ಮೂಗೊರೆಸಿಕೊಂಡಳು. ಹಬ್ಬಕ್ಕೆಂದು ನನ್ನ ಇಳಕಲ್ ಸೀರೆ ಉಟ್ಟಿದ್ದಳು. "ತಿಂದು ನೋಡು, ಇದು ಉಳ್ಳಾಗಡ್ಡಿ ಅಂದ್ರ! ಬಾಯಿ ಸುಡ್ತದ! ಎಲ್ಲಿ ಮುಚ್ಚಿಟ್ಟಿದ್ದಿರಿ ಆಯೀ ಇದನ್ನ?"

"ಮನಿಗೆ ಬಂದವರಿಗೆ ಬರೇ ಕೈಲೆ ಕಳಸ್ತಾರೇನು?" ಎಂದಳು ಶಂಕ್ರವ್ವ. ನನ್ನನ್ನು ನೋಡಿ ಎದ್ದಳು. "ಬಾ, ನೀಲವ್ವಾ."

ಅವಳ ಹಿಂದೆ ಅಡುಗೆಮನೆಗೆ ಹೋದೆ. ತಾಟು ಕಟ್ಟೆಯ ಮೇಲಿತ್ತು. ಅದರಲ್ಲಿ ಆಗಷ್ಟೇ ಕೊಯ್ದ ಬುಡವೊಂದು, ಅದಕ್ಕೆ ಒತ್ತಿಕೊಂಡು ಇನ್ನೊಂದು. ಎರಡನೆಯದರ ತೊಟ್ಟಿಗೆ ಕುಂಕುಮ ಅಂಟಿತ್ತು. ಅದು ನಮ್ಮ ಮನೆಯದು. ನೀರು ತೆಳ್ಳಗೆ ಕೆಂಪಾಗಿತ್ತು.

"ಚಿಗವ್ವಾ, ನಾ ಹೇಳಿದ್ದೆನಲ್ಲ."

"ಹೇಳಿದ್ದಿ."

"ಹೊರಗ ಇಟ್ಟಿದ್ರ ಸಾಕಾಗಿತ್ತಲ್ಲ."

"ನಿಮ್ಮ ಅತ್ತಿ ತನ್ನ ಕೈಯಾರೆ ಹಾಕಿದ್ಲವ್ವಾ. ಇಷ್ಟ ವರ್ಷದ ಮ್ಯಾಲೆ." ಅವಳು ತಾಟಿನ ಅಂಚನ್ನು ಬೆರಳಿನಿಂದ ಒರೆಸಿದಳು. "ಎಲ್ಲಾರೂ ಇಲ್ಲೇ ನಿಂತಿದ್ರು, ಇಡ್ತಾಳೋ ಇಲ್ಲೋ ಅಂತ. ನಿನ್ನ ಮಾತು ನೆನಪಿತ್ತು ನನಗ. ಮರತೆ ಅಂತ ಸುಳ್ಳ ಹೇಳೂದಿಲ್ಲ."

ಕೆಲವೇ ನಿಮಿಷಗಳಲ್ಲಿ ರೋಗ ನೀರಿನಿಂದ ಬುಡಕ್ಕೆ ಹೋಗುತ್ತದೆ ಎಂದು ನಾನೇ ವರದಿ ಬರೆದಿದ್ದೆ. ಬೇರೆ ಏನಾದರೂ ಉಳಿದಿರಬೇಕು ಎಂದು ಕಣ್ಣಾಡಿಸಿದೆ. ಹೆಚ್ಚುವಾಗ ಜಾರಿದ ಬುಡದ ಒಂದು ಚೂರು, ಬೇರಿನ ಒಂದು ಎಳೆ. ಉಗುರಿನಷ್ಟಿದ್ದರೂ ಸಾಕಿತ್ತು, ಗಾಜಿನ ಪೆಟ್ಟಿಗೆ ಬರುವವರೆಗೆ ಹೇಗಾದರೂ ಕಾಪಾಡುತ್ತಿದ್ದೆ. ಈಳಿಗೆಮಣೆ ನೋಡಿದೆ, ತೊಳೆದಿಟ್ಟಿದ್ದಳು. ಕಟ್ಟೆಯ ಸಂದಿಯಲ್ಲಿ ಕೈಯಾಡಿಸಿದೆ.

"ಕಸದ ಡಬ್ಬಿ ಎಲ್ಲೈತಿ ಚಿಗವ್ವಾ?"

"ಕಸದ ಡಬ್ಬಿ?" ಶಂಕ್ರವ್ವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಅದು ಯಾರ ಮನ್ಯಾಗ ಐತವ್ವಾ ಈಗ? ಏನೂ ಒಗೀಬ್ಯಾಡ್ರಿ ಅಂತ ನೀವs ಕಲಸಿದ್ರಿ. ಸಿಪ್ಪಿ ಸಾರಿಗೆ ಹಾಕೀನಿ, ಬೇರು ಒಗ್ಗರಣ್ಯಾಗ ಹುರದೀನಿ."

ಬಾಗಿಲಲ್ಲಿ ಪಲ್ಲವಿ ನಿಂತಿದ್ದಳು. "ಹಬ್ಬದ ದಿನಾನೂ ಕೇಂದ್ರದ ಕೆಲಸ ಏನವ್ವಾ ನಿಂದು," ಎಂದಳು. ಆದರೆ ದನಿಯಲ್ಲಿ ಚುಚ್ಚು ಇರಲಿಲ್ಲ. ಗೆದ್ದವರು ಸೋತವರ ಜೊತೆ ಮಾತಾಡುವಾಗಿನ ಮೆತ್ತನೆಯ ದನಿ ಅದು. "ಸಿಟ್ಟಾಗಬ್ಯಾಡ. ಅಜ್ಜೀನ ನೋಡು ಒಮ್ಮೆ. ಎಷ್ಟು ಖುಷಿ ಆಗ್ಯಾಳ."

ನೋಡಿದೆ. ಹೌದು, ಆಗಿದ್ದರು. ಪಡಸಾಲೆಯಿಂದ ಅತ್ತೆಯ ನಗು ಕೇಳುತ್ತಿತ್ತು. ಇಷ್ಟು ವರ್ಷದಲ್ಲಿ ಅವರು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ.

ಹೇಳಬೇಕಾದದ್ದು ನಾಲಗೆಯವರೆಗೆ ಬಂತು. ಶಂಕ್ರವ್ವ ನನ್ನನ್ನೇ ನೋಡುತ್ತಿದ್ದಳು. ಮುಂದೆ ಕೆಲವೇ ದಿನಗಳಲ್ಲಿ ಇವಳ ಗಡ್ಡೆಯೂ ಪೊಳ್ಳಾಗುತ್ತದೆ, ಗಜ್ಜರಿಯ ನಂತರ ಎಲೆಕೋಸು, ಆಮೇಲೆ ತಾಟಿನಲ್ಲಿ ನೀರು ಮಾತ್ರ. ಆಗ ಪಲ್ಲವಿಗೆ ಗೊತ್ತಾಗಿಯೇ ಆಗುತ್ತದೆ. ಅವಳು ಓದುವ ಹುಡುಗಿ, ದಿನ ಲೆಕ್ಕ ಹಾಕುತ್ತಾಳೆ. ಆದರೆ ಇವತ್ತು ನನ್ನ ಬಾಯಿಂದ ಅದು ಬರಬೇಕೆಂದಿಲ್ಲ.

"ಸಿಟ್ಟಿಲ್ಲ," ಎಂದೆ.

ಶಂಕ್ರವ್ವ ಮುಚ್ಚಿಟ್ಟಿದ್ದ ತಟ್ಟೆಯೊಂದನ್ನು ತೆಗೆದು ನನ್ನ ಕೈಗಿಟ್ಟಳು. ನನ್ನ ಪಾಲು ಎತ್ತಿಟ್ಟಿದ್ದಳು. ನಾನು ಚುರುಮುರಿಯನ್ನು ಬೆರಳಿನಿಂದ ಸರಿಸಿ ಸರಿಸಿ ಹುಡುಕಿದೆ. ತೆಳ್ಳಗೆ, ಒಂದೇ ಸಮ ಹೆಚ್ಚಿದ ಹೋಳುಗಳು. ಬುಡದ ಚೂರು ಒಂದೂ ಇರಲಿಲ್ಲ.

"ಏನ ಹುಡುಕ್ತಿ, ತಿನ್ನು," ಎಂದಳು. "ಮೆತ್ತಗಾದ್ರ ಚಲೋ ಆಗೂದಿಲ್ಲ."

ಅಲ್ಲೇ ಗೋಡೆಗೆ ಒರಗಿ ಕುಳಿತೆ. ಪಲ್ಲವಿ ಪಕ್ಕದಲ್ಲಿ ಕುಳಿತಳು. ಅವಳ ತಟ್ಟೆ ಖಾಲಿಯಾಗಿತ್ತು. ನನ್ನದರಿಂದ ಅರ್ಧ ಅವಳಿಗೆ ಸುರಿದು, ಉಳಿದದ್ದನ್ನು ಮೆತ್ತಗಾಗುವ ಮೊದಲೇ ತಿಂದು ಮುಗಿಸಿದೆ.